ಕಡಲು ಬೇಕೆಂದವನು, ಏರು ಬೇಕೆಂದವಳು

ಮನೆಯೊಡತಿಯ ಫೋನ್ ಬಂದಾಗ ನಾನು ದೋಸೆ ಹುಯ್ಯುತ್ತಿದ್ದೆ. ಸ್ವೀಡನ್ನಿನ ಮಾಲ್ಮೋ ಊರಿನ ನಡುಮಧ್ಯದಲ್ಲಿದ್ದ ಆ ಬಾಡಿಗೆ ಮನೆ ಆಕೆಯದು. ಕೆಲಸದ ಮೇಲೆ ನಾರ್ವೆಗೆ ಹೋಗುವಾಗ ನಮಗೆ ಬಿಟ್ಟುಕೊಟ್ಟು ಹೋಗಿದ್ದಳು. ಈಗ ವಾಪಸು ಬರುತ್ತಿದ್ದಾಳೆ, ಬೇಸಿಗೆಯ ಹೊತ್ತಿಗೆ ಮನೆ ಬೇಕು, ಬೇಜಾರು ಮಾಡಿಕೊಳ್ಳಬೇಡಿ ಎಂದಳು. ನಾನು ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತಿರುವಾಗಲೇ ಕಾವಲಿಯ ಮೇಲಿನ ದೋಸೆ ಕರಿಯಾಯಿತು.

ಸಂಜೆ ಗಂಡ ಕಡಲ ಸೇತುವೆಯಾಚೆ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿರುವ ಆಫೀಸಿನಿಂದ ಬಂದ ಮೇಲೆ ವಿಷಯ ಹೇಳಿದೆ. ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ ಎಂದುಕೊಂಡಿದ್ದೆ. ಅವನು ಬೂಟು ಬಿಚ್ಚುವುದನ್ನೂ ಮರೆತು ನಿಂತ.

"ಹಾಗಾದ್ರೆ ತಗೊಂಡೇ ಬಿಡೋಣ."

"ಏನನ್ನ?"

"ಮನೆ ಕಣೇ! ವರ್ಷಾವರ್ಷ ಮುಂದಿನ ವರ್ಷ ನೋಡೋಣ ಅಂತಿದ್ವಲ್ಲ. ಈಗ ಪರ್ಮನೆಂಟ್ ವೀಸಾನೂ ಬಂತು. ಇನ್ನೇನು?"

ಊಟ ಮುಗಿಯುವ ಮೊದಲೇ ಊರಿನ ನಕ್ಷೆ ಟೀವಿ ಪರದೆಯ ತುಂಬ ಬಂದು ಕೂತಿತ್ತು. ಅವನು ಎದ್ದು ಹೋಗಿ ಪರದೆಯ ಎಡಗಡೆ, ನೀಲಿ ಬಣ್ಣದ ಅಂಚಿನುದ್ದಕ್ಕೂ ಬೆರಳು ಎಳೆದ. "ಇಲ್ಲಿ ಎಲ್ಲಾದ್ರೂ ಆಗಬಹುದು. ಕಿಟಕಿ ತೆಗೆದರೆ ಕಡಲು ಕಾಣಬೇಕು."

ಅವನು ಕುಂದಾಪುರದ ಕಡೆಯವನು. ಕಡಲಿನ ಸದ್ದು ಕೇಳದಿದ್ದರೆ ನಿದ್ದೆ ಬರುವುದಿಲ್ಲವೆಂದು ಮದುವೆಯಾದ ಹೊಸತರಲ್ಲಿ ಹೇಳಿದ್ದ. ಅದು ಸುಳ್ಳೆಂದು ನನಗೆ ಗೊತ್ತು, ಬಸ್ಸಿನಲ್ಲಿ ನಿಂತುಕೊಂಡೂ ನಿದ್ದೆ ಮಾಡಬಲ್ಲ. ನಾನು ಚಿತ್ರದುರ್ಗದವಳು. ಕೋಟೆಯ ಕೆಳಗಿನ ಬೀದಿಯಲ್ಲಿ ಬೆಳೆದವಳಿಗೆ ಎಲ್ಲಿಗೆ ಹೋದರೂ ಒಂದೋ ಹತ್ತಬೇಕು, ಇಲ್ಲಾ ಇಳಿಯಬೇಕು. ಮಾಲ್ಮೋ ಹಾಗಲ್ಲ. ಎಷ್ಟು ನಡೆದರೂ ಎಲ್ಲಿಗೂ ತಲುಪಿದಂತೆ ಅನ್ನಿಸುವುದಿಲ್ಲ.

"ಈ ಊರಲ್ಲಿ ಏರು ಇರೋ ಕಡೆ ಎಲ್ಲಾದ್ರೂ ಇದ್ಯಾ?" ಎಂದು ಕೇಳಿದೆ.

ಅವನು ಬಿದ್ದು ಬಿದ್ದು ನಕ್ಕ. "ಮಾರಾಯ್ತಿ, ನಿನ್ನ ದೋಸೆಕಲ್ಲಾದ್ರೂ ನಡುವೆ ಸ್ವಲ್ಪ ಉಬ್ಬಿದೆ. ಈ ಊರು ಅದಕ್ಕಿಂತ ಸಪಾಟು."

ಒಂದನೇ ತರಗತಿಯಲ್ಲಿದ್ದ ಮಗಳು ತನ್ನ ಷರತ್ತನ್ನೂ ಮುಂದಿಟ್ಟಳು. ಮೇಲೊಂದು ಕೆಳಗೊಂದು ಇರುವ ಮಂಚ ಬೇಕು, ಸ್ಕೂಲು ಮಾತ್ರ ಬದಲಾಗಬಾರದು. ನಾವು ಮಂಚಕ್ಕೆ ಹೂಂ ಅಂದೆವು, ಸ್ಕೂಲಿನ ಮಾತು ಬಂದಾಗ ಇಬ್ಬರೂ ನೀರು ಕುಡಿದೆವು.

ಮಾರನೇ ದಿನ ಪಕ್ಕದ ಊರು ಲುಂಡ್‌ನ ನನ್ನ ಪ್ರಯೋಗಾಲಯದಲ್ಲಿ, ಎಲ್ಲರೂ ಸೇರಿ ಕಾಫಿ ಕುಡಿಯುವ ಫಿಕಾ ಹೊತ್ತಿನಲ್ಲಿ, ಮನೆ ಹುಡುಕುತ್ತಿದ್ದೇವೆ ಎಂದೆ. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಕಪ್ಪು ಕೆಳಗಿಟ್ಟು ನನ್ನ ಕಡೆ ತಿರುಗಿ ಕೂತಳು. ಅವಳು ಮಾಲ್ಮೋದಲ್ಲೇ ಹುಟ್ಟಿದವಳು, ಮಾತು ಕಡಿಮೆ.

"ಮನೆ ಆಮೇಲೆ ನೋಡು, ಮೊದಲು ಬೀದಿ ನೋಡು. ಭಾನುವಾರ ಹೋಗಬೇಡ, ಭಾನುವಾರ ಎಲ್ಲ ಬೀದಿಯೂ ಚೆನ್ನಾಗಿರುತ್ತೆ. ಮಂಗಳವಾರ ಹೋಗು, ಮಳೆ ಬರುತ್ತಿದ್ದರೆ ಇನ್ನೂ ಒಳ್ಳೆಯದು. ಸುಮ್ಮನೆ ಸ್ವಲ್ಪ ಹೊತ್ತು ನಿಂತು ಬಾ."

ಅವಳ ಮಾತು ನನಗೆ ತುಂಬ ಹಿಡಿಸಿತು. ಅಂದಿನಿಂದ ಮಂಗಳವಾರಗಳೆಂದರೆ ನನಗೆ ಹಬ್ಬ. ಕೆಲಸ ಬೇಗ ಮುಗಿಸಿ, ಬೆನ್ನಿಗೊಂದು ಚೀಲ ಹಾಕಿಕೊಂಡು, ಗೊತ್ತಿಲ್ಲದ ಬಸ್ ಸ್ಟಾಪಿನಲ್ಲಿ ಇಳಿದು ನಿಲ್ಲುತ್ತಿದ್ದೆ. ಇಷ್ಟು ವರ್ಷ ಇದೇ ಊರಿನಲ್ಲಿದ್ದರೂ ನನಗೆ ಗೊತ್ತಿದ್ದದ್ದು ಮನೆ, ಸ್ಟೇಷನ್ನು, ಮಗಳ ಸ್ಕೂಲು, ಇಂಡಿಯನ್ ಅಂಗಡಿ ಇಷ್ಟೇ. ಈಗ ಪ್ರತಿ ಬೀದಿಯ ಪ್ರತಿ ಕಿಟಕಿಯನ್ನೂ ನಮ್ಮದಾಗಬಹುದು, ನಮ್ಮದಾಗಬಹುದು ಎಂದುಕೊಂಡು ನೋಡುತ್ತಿದ್ದೆ. ಪರೀಕ್ಷೆ ಮುಗಿದ ದಿನದ ಹಾಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೊದಲ ಸರದಿ ಕಡಲಿನದು. ವೆಸ್ತ್ರಾ ಹಮ್ನೆನ್ ಎಂದರೆ ಪಶ್ಚಿಮದ ಬಂದರು. ಹಡಗು ಕಟ್ಟುತ್ತಿದ್ದ ಜಾಗದಲ್ಲಿ ಈಗ ಗಾಜಿನ ಬಾಲ್ಕನಿಗಳ ಹೊಸ ಕಟ್ಟಡಗಳು. ಬೇಸಿಗೆಯಲ್ಲಿ ಅಲ್ಲಿಗೆ ಎಷ್ಟೋ ಸಲ ಹೋಗಿದ್ದೆವು. ಇಡೀ ಊರೇ ಮರದ ಕಟ್ಟೆಯ ಮೇಲೆ ಮೈಚಾಚಿ ಮಲಗಿರುತ್ತದೆ, ಮಕ್ಕಳು ನೀರಿಗೆ ಧುಮುಕುತ್ತಿರುತ್ತಾರೆ. ಆದರೆ ನಾವು ಮನೆ ನೋಡಲು ಹೋದದ್ದು ಫೆಬ್ರವರಿಯ ಒಂದು ಮಂಗಳವಾರ. ಬಸ್ಸಿನಿಂದ ಇಳಿದ ತಕ್ಷಣ ಮಗಳ ಉಣ್ಣೆ ಟೋಪಿ ಹಾರಿ ಕಟ್ಟೆ ದಾಟಿ ನೀರಿಗೆ ಬಿತ್ತು. ಅವಳು ಅಳಲು ಬಾಯಿ ತೆರೆದರೆ ಗಾಳಿ ಬಾಯೊಳಗೇ ನುಗ್ಗಿ ಅಳುವೂ ನಿಂತುಹೋಯಿತು. ನನ್ನ ಗಂಡ ಮಾತ್ರ ಜಾಕೆಟ್ಟಿನ ಜಿಪ್ಪು ತೆಗೆದು, ಗಾಳಿಗೆ ಎದೆಯೊಡ್ಡಿ ನಗುತ್ತ ನಿಂತಿದ್ದ.

"ಇದು ಗಾಳಿ ಅಲ್ಲ ಕಣೇ, ಕಡಲಿನ ಉಸಿರು!"

"ಉಸಿರು ಬಿಡಲಿ, ಬೇಡ ಅನ್ನಲ್ಲ. ಸ್ವಲ್ಪ ದೂರ ನಿಂತ್ಕೊಂಡು ಬಿಡಲಿ," ಎಂದೆ.

ಒಳಗೆ ಹೋಗಿ ನೋಡಿದೆವು. ಮನೆ ಚೆನ್ನಾಗಿಯೇ ಇತ್ತು. ಅಡುಗೆಮನೆಯ ಕಿಟಕಿಯಲ್ಲಿ ಬೂದು ಬಣ್ಣದ ನೀರು, ದೂರದಲ್ಲಿ ಡೆನ್ಮಾರ್ಕಿಗೆ ಹೋಗುವ ಸೇತುವೆ. ಅವನ ಮುಖ ನೋಡಿ ನಾನು ಬೇಡವೆನ್ನಲಿಲ್ಲ. ಇಲ್ಲಿ ಮನೆ ಮಾರುವುದು ಹರಾಜಿನ ಹಾಗೆ. ನೋಡಿದವರಲ್ಲಿ ಬೇಕಾದವರು ಬ್ರೋಕರ್‌ಗೆ ತಮ್ಮ ಬೆಲೆ ಹೇಳುತ್ತಾರೆ, ಒಬ್ಬರು ಏರಿಸಿದಂತೆ ಉಳಿದವರಿಗೆಲ್ಲ ಫೋನಿನಲ್ಲಿ ಮೆಸೇಜು ಬರುತ್ತದೆ. ಅವನು ಒಂದು ಬೆಲೆ ಹೇಳಿ ಫೋನನ್ನು ದೇವರ ಪಕ್ಕ ಇಟ್ಟ. ಅನ್ನ ಆಗುವುದರೊಳಗೆ ಬೇರೆಯವರು ನಮ್ಮನ್ನು ಎಷ್ಟೋ ಹಿಂದಕ್ಕೆ ಹಾಕಿ ಮುಂದೆ ಹೋಗಿಬಿಟ್ಟಿದ್ದರು. ಅವನು ಫೋನು ಕವುಚಿಟ್ಟು ಊಟಕ್ಕೆ ಕೂತ. ಅವನು ಕೇಳದಿದ್ದರೂ ಇನ್ನೊಂದು ಹಪ್ಪಳ ಬಡಿಸಿದೆ.

ಆಮೇಲೆ ಹಿಲ್ಲಿಯೆ. ಊರಿನ ದಕ್ಷಿಣಕ್ಕೆ, ಕೋಪನ್‌ಹೇಗನ್ ರೈಲು ಸೇತುವೆ ಹತ್ತುವ ಮೊದಲು ನಿಲ್ಲುವ ಸ್ಟೇಷನ್ನಿನ ಸುತ್ತ ಎದ್ದ ಹೊಸ ಬಡಾವಣೆ. ಬೆಂಗಳೂರಿನ ನನ್ನ ಗೆಳತಿ ಅಲ್ಲೇ ಇದ್ದಾಳೆ. ಅವಳಿಂದಾಗಿ ಅವಳ ಕಟ್ಟಡದಲ್ಲಿ ಇನ್ನೂ ಕೆಲವು ಕನ್ನಡದ ಮನೆಗಳಾಗಿವೆ. ಲಿಫ್ಟಿನ ಬಾಗಿಲು ತೆರೆದರೆ ಇಂಗಿನ ಒಗ್ಗರಣೆ. ಆ ವಾಸನೆಗೇ ನನ್ನ ಅರ್ಧ ಮನಸ್ಸು ಒಪ್ಪಿಬಿಟ್ಟಿತ್ತು.

"ಲೇ, ಇದರಲ್ಲಿ ಥಿಂಕ್ ಮಾಡೋದೇನಿದೆ?" ಎಂದು ಅವಳು ಬಾಲ್ಕನಿಯಲ್ಲಿ ನಿಲ್ಲಿಸಿಕೊಂಡು ಕೇಳಿದಳು. "ಕೆಳಗಡೆ ಟ್ರೇನು, ಎದುರುಗಡೆ ಮಾಲು, ಮೇಲ್ಗಡೆ ನಾನು. ನಿನ್ನ ಗಂಡಂಗೆ ಆಫೀಸ್ ಪಕ್ಕದಲ್ಲೇ ಆಗೋಗತ್ತೆ. ಮಗಳನ್ನ ನಮ್ಮನೇಲಿ ಬಿಟ್ಟು ಎಲ್ಲಿ ಬೇಕಾದ್ರೂ ಹೋಗು. ಇನ್ನೇನ್ ಬೇಕು ನಿಂಗೆ?"

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮಂಗಳವಾರ ಹೋಗಿ ಸ್ಟೇಷನ್ನಿನ ಎದುರಿನ ಬಯಲಲ್ಲಿ ನಿಂತೆ. ರೈಲು ಬಂದಾಗಲೊಮ್ಮೆ ಜನ ನೆಲದೊಳಗಿಂದ ಮೇಲೆ ಬಂದು, ಬಯಲು ತುಂಬಿ, ಕಣ್ಣು ಮಿಟುಕಿಸುವುದರಲ್ಲಿ ಕರಗಿಹೋಗುತ್ತಿದ್ದರು. ಸ್ವಚ್ಛವಾಗಿತ್ತು, ವಿಶಾಲವಾಗಿತ್ತು. ಯಾರ ದಾರಿಗೂ ಅಡ್ಡವಾಗದೆ ನಿಲ್ಲುವ ಜಾಗವೊಂದನ್ನು ಹುಡುಕಿದೆ, ಸಿಗಲಿಲ್ಲ. ಗಂಡನಿಗೆ ಹೇಳಿದರೆ, "ಅಲ್ಲಿ ನಿಲ್ಲೋಕೆ ಯಾಕೆ ಹೋಗ್ತಿ, ಮನೆ ಒಳಗೆ ಕೂತ್ಕೊ," ಎಂದ. ಆದರೂ ಅಲ್ಲಿನ ಒಂದು ಮನೆಯ ಜಾಹೀರಾತನ್ನು ಇಬ್ಬರೂ ಫೋನಿನಲ್ಲಿ ಗುರುತು ಹಾಕಿ ಇಟ್ಟುಕೊಂಡೆವು. ಬೇಡವೆನ್ನಲು ಕಾರಣ ಇರಲಿಲ್ಲ.

ಏಪ್ರಿಲ್ ಬಂತು. ಮಗಳ ಕಾಲು ಉದ್ದವಾಗಿ ಸೈಕಲ್ಲು ಚಿಕ್ಕದಾಯಿತು. ಹಳೆಯ ಸೈಕಲ್ಲೊಂದು ಮಾರಾಟಕ್ಕಿದೆ ಎಂಬ ಜಾಹೀರಾತು ನೋಡಿ ಒಂದು ಶನಿವಾರ ನಾನೂ ಅವಳೂ ಇಬ್ಬರೇ ಹೊರಟೆವು. ವಿಳಾಸ ಊರಿನ ಪೂರ್ವಕ್ಕೆ, ಶಿರ್ಸೆಬೆರ್ಯ್ ಎಂಬಲ್ಲಿತ್ತು. ಹೆಸರು ಕೇಳಿದ್ದೆ, ಹೋಗಿರಲಿಲ್ಲ.

ಒಂದು ತಿರುವಿನಲ್ಲಿ ಬಸ್ಸಿನಲ್ಲಿ ನಿಂತಿದ್ದವರೆಲ್ಲ ಒಟ್ಟಿಗೆ ಸ್ವಲ್ಪ ಹಿಂದಕ್ಕೆ ವಾಲಿದರು. ನನ್ನ ಬೆನ್ನು ಸೀಟಿಗೆ ಒತ್ತಿತು. ಏನಾಯಿತೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಬಸ್ಸು ಏರು ಹತ್ತುತ್ತಿತ್ತು! ಮಾಲ್ಮೋದಲ್ಲಿ! ನಾನು ಎದ್ದು ನಿಂತು ಕಿಟಕಿಯಿಂದ ಹಿಂದಕ್ಕೆ ನೋಡಿದೆ. ನಾವು ಬಂದ ರಸ್ತೆ ನಮಗಿಂತ ಕೆಳಗಿತ್ತು.

"ಅಮ್ಮ, ಸಿಟ್ ಡೌನ್," ಎಂದು ಮಗಳು ನನ್ನ ಕೋಟು ಎಳೆದಳು.

ಸೈಕಲ್ ಮಾರುವಾಕೆ ಎಪ್ಪತ್ತು ದಾಟಿದ ಹೆಂಗಸು. ಕಲ್ಲು ಹಾಸಿದ ಓಣಿಯಲ್ಲಿ ಗಿಡ್ಡ ಗಿಡ್ಡ ಹಳೆಯ ಮನೆಗಳು, ಅದರಲ್ಲೊಂದು ಆಕೆಯದು. ಮೊಮ್ಮಗಳು ಬಿಟ್ಟುಹೋದ ಕೆಂಪು ಸೈಕಲ್ಲನ್ನು ಒರೆಸಿ ಬಾಗಿಲಿಗೆ ಒರಗಿಸಿಟ್ಟಿದ್ದಳು. "ಮೊದಲು ಇಳಿಜಾರಿನಲ್ಲಿ ಓಡಿಸಿ ನೋಡು. ಆಮೇಲೆ ವಾಪಸು ಮೇಲೆ ತರೋಕಾಗುತ್ತಾ ನೋಡು. ಎರಡೂ ಆದರೆ ಅದು ನಿನ್ನದು," ಎಂದಳು ಮಗಳಿಗೆ.

ಮಗಳು ಹೋದಳು. ಅವಳ ಜೀವನದಲ್ಲಿ ಅದೇ ಮೊದಲ ಇಳಿಜಾರು. ಕೂಗು ಓಣಿಯ ತುದಿಯವರೆಗೂ ಕೇಳುತ್ತಿತ್ತು. ನಾನು ಹಿಂದೆಯೇ ಓಡಿದೆ. ಕೆಳಗೆ ಅವಳು ಬ್ರೇಕು ಹಾಕಿ ನಿಂತು, ಕಣ್ಣರಳಿಸಿ, "ಇಗೆನ್!" ಎಂದಳು, ಮತ್ತೊಮ್ಮೆ ಎಂಬ ಸ್ವೀಡಿಶ್ ಮಾತು. ಇಬ್ಬರೂ ಸೈಕಲ್ಲು ತಳ್ಳುತ್ತ ಮೇಲೆ ಬಂದೆವು. ನನ್ನ ಮೀನಖಂಡ ಹಿಡಿದುಕೊಂಡಿತು, ಉಸಿರು ಮೇಲಾಯಿತು. ಎಷ್ಟು ವರ್ಷವಾಗಿತ್ತು ಆ ನೋವು ಕಂಡು!

ಆಕೆ ಕಾಫಿ ಕೊಟ್ಟಳು. "ನಮ್ಮ ಏರಿಯಾವನ್ನು ಊರಿನವರು ಬಕ್ಕಾರ್ನಾ ಅಂತಾರೆ, ಬೆಟ್ಟಗಳು ಅಂತ," ಎಂದು ಹೆಮ್ಮೆಯಿಂದ ಹೇಳಿದಳು.

ನನಗೆ ನಗು ತಡೆಯಲಾಗಲಿಲ್ಲ. ಕ್ಷಮಿಸಿ ಎಂದು ಹೇಳಿ, ಫೋನಿನಲ್ಲಿ ನಮ್ಮೂರಿನ ಕೋಟೆಯ ಫೋಟೋ ತೆಗೆದು ತೋರಿಸಿದೆ. ಬಂಡೆಯ ಮೇಲೆ ಬಂಡೆ, ಅದರ ಮೇಲೆ ಗೋಡೆ, ಗೋಡೆಯಾಚೆ ಮತ್ತೆ ಬಂಡೆ. ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಹಾಗಾದರೆ ನಿನಗೆ ನಮ್ಮ ಬೆಟ್ಟ ಅಂದರೆ ಹೊಸ್ತಿಲು," ಎಂದಳು.

ಮನೆಗೆ ಬಂದು ನಾನೂ ಮಗಳೂ ಒಟ್ಟಿಗೆ ಮಾತಾಡತೊಡಗಿದೆವು. ಗಂಡ ನಕ್ಷೆಯಲ್ಲಿ ಹುಡುಕಿ, "ಕಿರ್ಸೆಬರ್ಗ್?" ಎಂದು ಓದಿದ.

"ಶಿರ್ಸೆಬೆರ್ಯ್, ಪಪ್ಪ," ಎಂದು ಮಗಳು ಹಣೆ ಚಚ್ಚಿಕೊಂಡಳು.

"ಏನೋ ಒಂದು. ಇಲ್ಲಿ ಕಡಲು ಎಲ್ಲಿದೆ?"

"ಕಡಲು ಇಲ್ಲ."

"ಆಫೀಸಿಗೆ ಎಷ್ಟು ದೂರ?"

"ಹಿಲ್ಲಿಯೆಗಿಂತ ದೂರ."

"ಹಾಗಾದ್ರೆ ಏನಿದೆ?"

"ಏರಿದೆ," ಎಂದೆ. ಅವನು ಟೀವಿ ಆರಿಸಿದ.

ಹಿಲ್ಲಿಯೆಯ ಗೆಳತಿ ಸುದ್ದಿ ಕೇಳಿ ಇನ್ನೊಂದು ಮಾತು ಹೇಳಿದಳು. "ಅಲ್ಲಿ ಹಳೇ ಜೈಲಿದೆ ಕಣೇ! ಜೈಲಿನ ಪಕ್ಕ ಹೋಗಿ ಮನೆ ತಗೋತೀಯಾ?" ಅದನ್ನು ಗಂಡನಿಗೆ ಹೇಳಿದಾಗ ಆಶ್ಚರ್ಯವೆಂಬಂತೆ ಅವನು ನನ್ನ ಪರ ವಹಿಸಿದ. "ಅದಕ್ಕೇನು? ಇರೋ ಕಳ್ಳರು ಒಳಗಿರ್ತಾರಲ್ಲ," ಎಂದ. ಅವನು ಹಾಗೆ ತಮಾಷೆ ಮಾಡಿದರೆ ಮನಸ್ಸು ಸ್ವಲ್ಪ ಸಡಿಲಾಗಿದೆ ಎಂದೇ ಅರ್ಥ.

ಮುಂದಿನ ಮಂಗಳವಾರ ಮಳೆ ಬಂತು. ನಾನು ಲುಂಡ್‌ನಿಂದ ನೇರವಾಗಿ ಶಿರ್ಸೆಬೆರ್ಯ್‌ಗೆ ಹೋಗಿ ಏರಿನ ನಡುವೆ ಒಂದು ಮರದ ಕೆಳಗೆ ನಿಂತೆ. ಒಬ್ಬ ಯುವಕ ಮಗುವಿನ ಗಾಡಿ ತಳ್ಳಿಕೊಂಡು ಬಂದು, ಅರ್ಧಕ್ಕೆ ನಿಂತು ಉಸಿರು ತೆಗೆದುಕೊಂಡ. ಮೇಲಿನಿಂದ ಇಳಿಯುತ್ತಿದ್ದ ಮುದುಕರೊಬ್ಬರು ಅವನನ್ನು ಕಂಡು ನಿಂತರು. ಇಬ್ಬರೂ ಮಳೆಯಲ್ಲೇ ಮಾತಾಡಿದರು. ಆಮೇಲೆ ತರಕಾರಿ ಚೀಲ ಹಿಡಿದ ಹೆಂಗಸು ಅದೇ ಜಾಗದಲ್ಲಿ ಕೈ ಬದಲಿಸಿಕೊಳ್ಳಲು ನಿಂತಳು, ನನ್ನನ್ನು ನೋಡಿ, "ಅಬ್ಬಾ, ಪ್ರತಿ ಸಲವೂ ಇಲ್ಲಿಗೆ ಬಂದಾಗ ಹಾಲು ಒಂದೇ ಪ್ಯಾಕೆಟ್ ತಗೋಬೇಕಿತ್ತು ಅನ್ನಿಸುತ್ತೆ," ಎಂದು ನಕ್ಕು ಹೋದಳು. ಸ್ವೀಡನ್ನಿನಲ್ಲಿ ಗುರುತಿಲ್ಲದವರು ಬೀದಿಯಲ್ಲಿ ಮಾತಾಡಿಸುವುದು ಎಷ್ಟು ಅಪರೂಪ ಎಂಬುದು ಇಲ್ಲಿದ್ದವರಿಗೆ ಗೊತ್ತು. ಸಪಾಟು ನೆಲದಲ್ಲಿ ಯಾರೂ ನಿಲ್ಲುವುದಿಲ್ಲ. ಏರಿನಲ್ಲಿ ಎಲ್ಲರೂ ಒಂದು ಕಡೆ ನಿಲ್ಲಲೇಬೇಕು, ನಿಂತವರು ಸುಮ್ಮನಿರಲಾರರು. ನನಗೆ ಇಷ್ಟು ಸಾಕಾಯಿತು. ಒದ್ದೆ ಬೂಟಿನಲ್ಲೇ ಬಸ್ ಸ್ಟಾಪಿನವರೆಗೂ ಓಡಿದೆ.

ಅದೇ ವಾರ ಶಿರ್ಸೆಬೆರ್ಯ್‌ನ ಮನೆಯೊಂದು ಮಾರಾಟಕ್ಕೆ ಬಂತು. ಹಳೆಯ ಇಟ್ಟಿಗೆಯ ಕಟ್ಟಡ, ಮೂರನೇ ಮಹಡಿ, ಲಿಫ್ಟಿಲ್ಲ. ಮನೆ ತೋರಿಸುವುದು ಭಾನುವಾರ. "ನೋಡಿ ಬರೋಣ, ನೋಡೋಕೆ ಏನೂ ಕೊಡಬೇಕಾಗಿಲ್ಲವಲ್ಲ," ಎಂದು ಗಂಡ ಬಂದ. ಬರುವಾಗಲೇ, ಸಂಜೆ ಹಿಲ್ಲಿಯೆಯ ಮನೆಗೂ ಹೋಗೋಣ ಎಂದು ಹೇಳಿಟ್ಟಿದ್ದ.

ಕಟ್ಟಡದ ಕಮಾನು ದಾಟಿ ಒಳಗೆ ಹೋದರೆ ನಾಲ್ಕೂ ಕಡೆ ಮನೆಗಳು, ನಡುವೆ ಅಂಗಳ, ಅಂಗಳದ ತುಂಬ ಜನ. ನಾನು ಇಷ್ಟೊಂದು ಜನ ಮನೆ ನೋಡಲು ಬಂದಿದ್ದಾರಲ್ಲ ಎಂದು ಗಾಬರಿಯಾದೆ. ಆದರೆ ಅವರ ಕೈಯಲ್ಲಿ ಪೊರಕೆ, ಕುಂಟೆ, ಗುದ್ದಲಿ ಇದ್ದವು. ಅದು ಆ ಕಟ್ಟಡದವರೆಲ್ಲ ಸೇರಿ ಅಂಗಳ ಸ್ವಚ್ಛ ಮಾಡುವ ವಸಂತದ ದಿನವಂತೆ. ಮನೆ ತೋರಿಸುವ ದಿನವೂ ಅದೇ ಬಂದುಬಿಟ್ಟಿತ್ತು. ಬ್ರೋಕರ್ ಹುಡುಗಿ ಹೊಳೆಯುವ ಬೂಟಿಗೆ ಮಣ್ಣು ಮೆತ್ತಿಕೊಂಡು, ಸಂಕೋಚದಿಂದ ಬಾಗಿಲಲ್ಲಿ ನಿಂತಿದ್ದಳು.

ಅಂಗಳದ ಮೂಲೆಯಲ್ಲಿ ನಾಲ್ಕೈದು ಜನ ಹಳೆಯ ಮರದ ಬುಡವೊಂದನ್ನು ಕೀಳಲು ಒದ್ದಾಡುತ್ತಿದ್ದರು. ನಾವು ಅವರನ್ನು ದಾಟಿ ಹೋಗುವಾಗ ಗಡ್ಡದ ಒಬ್ಬ ಮನುಷ್ಯ ತಲೆಯೆತ್ತಿ, ನನ್ನ ಗಂಡನನ್ನು ನೋಡಿ, "ಹೇ, ನೀನು! ಆ ಹಾರೆ ಹಿಡಿ!" ಎಂದ. ನಾವು ಮನೆ ನೋಡಲು ಬಂದವರೆಂದು ಅವನಿಗೆ ಗೊತ್ತಿರಲಿಲ್ಲ, ಅಲ್ಲಿನವರೇ ಎಂದುಕೊಂಡಿದ್ದ.

ನನ್ನ ಗಂಡ ಒಂದು ಕ್ಷಣ ನಿಂತ. ಆಮೇಲೆ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಹಾರೆ ಹಿಡಿದೇಬಿಟ್ಟ.

ಮನೆಯನ್ನು ನಾನೊಬ್ಬಳೇ ನೋಡಿದೆ. ಮೂರು ಮಹಡಿ ಹತ್ತಿ, ಬೂಟಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಟ್ಟು ಒಳಗೆ ಹೋದೆ. ಮರದ ನೆಲ ಕಾಲಿಟ್ಟಲ್ಲೆಲ್ಲ ಕಿರುಗುಟ್ಟುತ್ತಿತ್ತು. ಅಡುಗೆಮನೆಗೆ ಬೆಳಕು ಚೆನ್ನಾಗಿ ಬರುತ್ತಿತ್ತು, ಮೇಜು ಹಾಕಿ ಊಟಕ್ಕೆ ಕೂರುವಷ್ಟು ಜಾಗವಿತ್ತು. ಬಚ್ಚಲಿನ ನಲ್ಲಿ ತಿರುಗಿಸಿ ನೋಡಿದೆ, ಗೋಡೆಗೆ ಕಿವಿಯಿಟ್ಟೆ. ಎಳೆಯ ವಯಸ್ಸಿನ ಗಂಡುಹೆಣ್ಣಿನ ಜೋಡಿಯೊಂದು ಮಲಗುವ ಕೋಣೆಯಲ್ಲಿ ಟೇಪು ಹಿಡಿದು ಅಳೆಯುತ್ತಿತ್ತು. ಅವರ ಮುಖದಲ್ಲೂ ನನ್ನದೇ ಆಸೆ ಕಾಣುತ್ತಿತ್ತು. ಕಿಟಕಿಯಿಂದ ಕೆಳಗೆ ಬಗ್ಗಿದೆ. ಬುಡ ಅಲುಗಿತ್ತು. ನನ್ನ ಗಂಡ ಹಾರೆಯ ಮೇಲೆ ಇಡೀ ಮೈಭಾರ ಹಾಕಿ, "ಐಸಾ!" ಎಂದು ಕೂಗುತ್ತಿದ್ದ. ಅರ್ಥವಾಗದಿದ್ದರೂ ಗಡ್ಡದವನೂ ಉಳಿದವರೂ ದನಿಗೂಡಿಸುತ್ತಿದ್ದರು. "ಐಸಾ!" ಬುಡ ಕಿತ್ತು ಬಂದಾಗ ಇಡೀ ಅಂಗಳ ಚಪ್ಪಾಳೆ ತಟ್ಟಿತು.

ನಾನು ಇಳಿದು ಬರುವಷ್ಟರಲ್ಲಿ ಅವನ ಅಂಗಿ ಮಣ್ಣಾಗಿತ್ತು. ಕೈಯಲ್ಲಿ ಕಾಗದದ ತಟ್ಟೆ. ಒಲೆಯ ಮೇಲೆ ಸಾಸೇಜು ಸುಡುತ್ತಿದ್ದ ಹೆಂಗಸು ಅವನು ಸಸ್ಯಾಹಾರಿಯೆಂದು ತಿಳಿದು, ತನ್ನ ಮನೆಗೆ ಓಡಿ ತರಕಾರಿಯ ಸಾಸೇಜು ತಂದು ಬೇರೆ ಬಾಣಲೆಯಲ್ಲಿ ಹುರಿದು ಕೊಟ್ಟಿದ್ದಳು. ಮಗಳು ಎಲ್ಲಿ ಎಂದು ಕೇಳಿದೆ. ಗಡ್ಡದವನ ಮಗಳ ಜೊತೆ ಒಣಗಿದ ಎಲೆಯ ಗುಡ್ಡೆಯೊಳಗೆ ಹೂತುಕೊಂಡಿದ್ದಳು. ತಲೆ ಮಾತ್ರ ಹೊರಗೆ.

"ಮಮ್ಮ, ಇವಳು ಕೆಳಗಿನ ಸ್ಕೂಲಲ್ಲಿ ಒಂದನೇ ಕ್ಲಾಸು. ಅವಳ ಸ್ಕೂಲಲ್ಲಿ ಮೊಲ ಇದೆ!" ಎಂದು ಸ್ವೀಡಿಶ್‌ನಲ್ಲಿ ಕೂಗಿದಳು. ಸ್ಕೂಲು ಬದಲಾಗಬಾರದು ಎಂಬ ಷರತ್ತನ್ನು ಅವಳೇ ಮರೆತಂತಿತ್ತು.

ಏರು ಇಳಿದು ಬಸ್ ಸ್ಟಾಪಿಗೆ ಬರುವಾಗ ಗಂಡ ಅಂಗಿಯ ಮಣ್ಣು ಕೊಡವುತ್ತಿದ್ದ. ನಾನು ಮನೆಯ ಬಗ್ಗೆ ಹೇಳುತ್ತಲೇ ಇದ್ದೆ, ನೆಲ ಹೀಗಿದೆ, ಬೆಳಕು ಹಾಗಿದೆ. ಅವನು ನಡುವೆಯೇ ನನ್ನನ್ನು ತಡೆದ.

"ಎಂಟು ವರ್ಷ ಆಯ್ತು ಈ ದೇಶಕ್ಕೆ ಬಂದು. ಎಲ್ಲರೂ ಚೆನ್ನಾಗೇ ನೋಡ್ಕೊಂಡ್ರು. ಕೂರಿಸಿದ್ರು, ಕಾಫಿ ಕೊಟ್ರು, ಇಂಡಿಯಾ ಬಗ್ಗೆ ಕೇಳಿದ್ರು. ಆದ್ರೆ ಒಬ್ಬರೂ ಕೆಲಸ ಹೇಳಿರಲಿಲ್ಲ ಕಣೇ. ಕೆಲಸ ಹೇಳೋದು ಮನೆಯವರಿಗೆ ಮಾತ್ರ." ಅಂಗೈ ತೋರಿಸಿದ, ಬೊಬ್ಬೆ ಬಂದಿತ್ತು. "ಕಡಲಿಗೆ ಸೈಕಲ್ಲಲ್ಲಿ ಹೋಗಬಹುದು. ಇದನ್ನು ಬಿಡೋದು ಬೇಡ."

ಹಿಲ್ಲಿಯೆಯ ಮನೆ ನೋಡಲು ನಾವು ಹೋಗಲೇ ಇಲ್ಲ.

ಬೆಲೆ ಹೇಳುವ ಆಟ ಮಾರನೇ ದಿನ ಶುರುವಾಯಿತು. ಇಷ್ಟಕ್ಕಿಂತ ಮೇಲೆ ಹೋಗುವುದಿಲ್ಲ ಎಂದು ಇಬ್ಬರೂ ಕೂತು ಒಂದು ಗೆರೆ ಎಳೆದುಕೊಂಡಿದ್ದೆವು. ಮೊದಲು ಹಲವರಿದ್ದರು, ಒಬ್ಬೊಬ್ಬರಾಗಿ ಬಿಟ್ಟುಹೋದರು. ಕೊನೆಗೆ ಉಳಿದದ್ದು ನಾವು ಮತ್ತು ಇನ್ನೊಬ್ಬರು. ಆ ಟೇಪು ಹಿಡಿದ ಜೋಡಿಯೇ ಇರಬೇಕೆಂದು ನನ್ನ ಗುಮಾನಿ. ಮೆಸೇಜು ಬಂದಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಫೋನಿಗೆ ಹಾರುತ್ತಿದ್ದೆ. ಪ್ರಯೋಗಾಲಯದಲ್ಲಿ ಎಲ್ಲರಿಗೂ ಸುದ್ದಿ ಗೊತ್ತಾಗಿ, ನನ್ನ ಫೋನು ಗುಂಯ್‌ಗುಟ್ಟಿದರೆ ಸುತ್ತಲಿನ ತಲೆಗಳೆಲ್ಲ ಮೇಲೇಳುತ್ತಿದ್ದವು.

ಬೆಲೆ ನಮ್ಮ ಗೆರೆ ಮುಟ್ಟಿ ನಿಂತದ್ದು ಒಂದು ಮಧ್ಯಾಹ್ನ. ಗಂಡ ಆಫೀಸಿನಿಂದ ಬೇಗ ಹೊರಟು ರೈಲು ಹತ್ತಿದ್ದ. ಬ್ರೋಕರ್ ಹುಡುಗಿಯ ಫೋನು ಬಂದಾಗ ನನ್ನ ಎರಡೂ ಕೈಯಲ್ಲಿ ರಬ್ಬರ್ ಗ್ಲೌಸು. ಎಷ್ಟು ಒತ್ತಿದರೂ ಪರದೆಗೆ ನನ್ನ ಬೆರಳು ತಿಳಿಯಲಿಲ್ಲ. ಹಲ್ಲಿನಿಂದ ಗ್ಲೌಸು ಕಚ್ಚಿ ಎಳೆಯಹೋದೆ. ಹಿರಿಯ ಸಹೋದ್ಯೋಗಿ "ಬಾಯಿಗೆ ಹಾಕಬೇಡ!" ಎಂದು ಚೀರಿ ತಾನೇ ಕಿತ್ತುಕೊಟ್ಟಳು.

"ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು," ಎಂದಳು ಬ್ರೋಕರ್. "ಮಾರುವವರಿಗೆ ಇವತ್ತೇ ಮುಗಿಸುವ ಮನಸ್ಸಿದೆ. ನೀವು ಇಲ್ಲಿಗೆ ನಿಲ್ಲಿಸುತ್ತೀರಾ?"

"ನನ್ನ ಗಂಡನನ್ನು ಕೇಳಿ ಹೇಳುತ್ತೇನೆ," ಎಂದೆ. ಅವನಿಗೆ ಫೋನು ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ಅವನ ಒಂದು ಮೆಸೇಜು ಬಂದಿತ್ತು: "ಬ್ರಿಡ್ಜ್ ಮೇಲಿದ್ದೀನಿ, ಸಿಗ್ನಲ್." ಅಷ್ಟೇ, ಮಾತು ಅರ್ಧಕ್ಕೇ ನಿಂತಿತ್ತು. ಡೆನ್ಮಾರ್ಕಿನ ನೆಟ್‌ವರ್ಕು ಬಿಟ್ಟು ಸ್ವೀಡನ್ನಿನದು ಹಿಡಿಯುವ ನಡುವೆ ಆ ಸೇತುವೆಯ ಮೇಲೆ ಅವನ ಫೋನು ಹೀಗೆ ಸತ್ತುಬೀಳುವುದುಂಟು.

ಬ್ರೋಕರ್ ಮತ್ತೆ ಫೋನು ಮಾಡಿದಳು. ನಾನು ಕಿಟಕಿಯ ಹತ್ತಿರ ಹೋದೆ. ಗೆರೆ ಎಳೆದದ್ದು ಇಬ್ಬರು, ದಾಟುವುದಾದರೆ ಒಬ್ಬಳೇ ದಾಟಬೇಕು. ಒಂದು ಹೆಜ್ಜೆ, ಇನ್ನು ಒಂದೇ ಹೆಜ್ಜೆ. ಬೇಸಿಗೆ ರಜೆಗೆ ಊರಿಗೆ ಹೋಗುವುದು ಒಂದು ವರ್ಷ ತಡವಾಗಬಹುದು, ಸೋಫಾ ಹಳೆಯದೇ ಸಾಕು. ಹಾರೆಯ ಮೇಲೆ ಮೈಭಾರ ಹಾಕಿ ನಿಂತ ಅವನ ಮುಖ ಕಣ್ಣಿಗೆ ಕಟ್ಟಿತು.

"ನಿಲ್ಲಿಸುವುದಿಲ್ಲ. ನಾವೂ ಒಂದು ಹೆಜ್ಜೆ," ಎಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು.

ಆಮೇಲಿನ ಹೊತ್ತು ಹೇಗೆ ಕಳೆಯಿತೆಂದು ಹೇಳಲಾರೆ. ಸಹೋದ್ಯೋಗಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದಳು. ಫೋನು ಬಡಿಯಿತು.

"ಅವರು ಬಿಟ್ಟರು. ಅಭಿನಂದನೆ, ಮನೆ ನಿಮಗೇ ಕೊಡುತ್ತಾರಂತೆ."

ನಾನು ಕನ್ನಡದಲ್ಲೇ ಅಯ್ಯಯ್ಯಯ್ಯೋ ಎಂದು ಕೂಗಿದೆ. ಮೈಮುಟ್ಟಿ ಮಾತಾಡದ ಆ ಸಹೋದ್ಯೋಗಿ ನನ್ನನ್ನು ಅಪ್ಪಿಕೊಂಡು ಕುಣಿದಳು. ಅಷ್ಟರಲ್ಲಿ ಗಂಡನ ಫೋನಿಗೆ ಜೀವ ಬಂದು, ಅಲ್ಲಿ ಸಿಕ್ಕಿಕೊಂಡಿದ್ದ ಮೆಸೇಜುಗಳು ಒಂದರ ಹಿಂದೊಂದು ಬಂದು ಬಿದ್ದವು. "ಎಷ್ಟಾಯ್ತು?" "ಫೋನ್ ಹೋಗ್ತಿಲ್ಲ." "ಅವರು ಮುಂದೆ ಹೋದ್ರೆ ನಾವೂ ಒಂದು ಸ್ಟೆಪ್ ಹೋಗೋಣ." "ಗೆರೆ ಮರೆತುಬಿಡು." ನಾನು ಓದುತ್ತಿರುವಾಗಲೇ ಅವನ ಕರೆ.

"ಎಂತಾಯ್ತ್?"

"ಸಿಕ್ತು."

"ಸಿಕ್ತಾ? ಮಾರಾಯ್ತಿ, ಸಿಕ್ತಾ!" ಬೇರೆ ಕನ್ನಡದವರ ನಡುವೆ ತನ್ನ ಕುಂದಾಪುರದ ಮಾತನ್ನು ಅಡಗಿಸಿಯೇ ಇಟ್ಟುಕೊಳ್ಳುವವನು, ತುಂಬಿದ ರೈಲಿನಲ್ಲಿ ಗಂಟಲು ಬಿಚ್ಚಿ ಕೂಗುತ್ತಿದ್ದ. "ಸಿಕ್ತ್ ಕಾಣ್! ಸಿಕ್ತ್!" ಹಿಂದಿನಿಂದ ಯಾರೋ ಡೇನಿಶ್‌ನಲ್ಲಿ ಏನೋ ಕೇಳಿದ್ದು, ಇವನು "ಮನೆ, ಮನೆ!" ಎಂದದ್ದು ಕೇಳಿಸಿತು. ಎರಡೂ ಬದಿಗೆ ಕಡಲಿದ್ದರೂ ಸೇತುವೆಯುದ್ದಕ್ಕೂ ತಾನು ನೋಡಿದ್ದು ಫೋನಿನ ಮೂಲೆಯ ಸಿಗ್ನಲ್ ಗೀಟುಗಳನ್ನು ಮಾತ್ರ ಎಂದು ಆಮೇಲೆ ಹೇಳಿದ.

ಗೆಳತಿಗೆ ಹೇಳುವುದೇ ನನಗೆ ಕಷ್ಟವಾಯಿತು. "ನೀನು ಬರ್ತೀಯಾ ಅಂತ ನಮ್ಮ ಮೇಲಿನ ಮನೆಯವರಿಗೂ ಹೇಳಿಬಿಟ್ಟಿದ್ದೆ," ಎಂದಳು. ಆಮೇಲೆ ಅವಳೇ ಉಸಿರುಬಿಟ್ಟು, "ಮೂರನೇ ಫ್ಲೋರು, ಲಿಫ್ಟ್ ಬೇರೆ ಇಲ್ವಾ? ಸರಿ ಬಿಡು, ಇನ್ಮೇಲೆ ಜಿಮ್‌ಗೆ ಹೋಗೋದು ಬೇಡ, ನಿಮ್ಮನೆಗೇ ಬರ್ತೀನಿ," ಎಂದಳು. ಸಾಮಾನು ಸಾಗಿಸುವ ದಿನ ಎಲ್ಲರಿಗಿಂತ ಮೊದಲು ಬಂದು, ನನ್ನ ಮಿಕ್ಸಿಯನ್ನು ಮಗುವಿನಂತೆ ಎದೆಗವುಚಿಕೊಂಡು ಮೆಟ್ಟಿಲು ಹತ್ತಿದವಳು ಅವಳೇ.

ಆ ದಿನ ಜೂನ್ ತಿಂಗಳ ಬೆಳಕು ಅಡುಗೆಮನೆಯ ಗೋಡೆಯ ಮೇಲೆಲ್ಲ ಹರಡಿಕೊಂಡಿತ್ತು. ಪೆಟ್ಟಿಗೆಗಳನ್ನು ಬಿಚ್ಚುವ ಮೊದಲು ಹಾಲು ಉಕ್ಕಿಸಲು ಒಲೆಯ ಮುಂದೆ ಸೇರಿದೆವು. ಗಂಡ ಫೋನಿನ ದಿಕ್ಸೂಚಿ ಹಿಡಿದು ಪೂರ್ವ ಯಾವುದೆಂದು ಹೇಳುತ್ತಿದ್ದ. ಹಾಲು ಬುರುಬುರು ಏರಿ, ಅಂಚು ದಾಟಿ, ಒಲೆಯ ಗಾಜಿನ ಮೇಲೆ ಸುರಿದದ್ದೇ ತಡ, ಆ ಕರೆಂಟ್ ಒಲೆ ಕೀಂ ಕೀಂ ಎಂದು ಕೂಗಿ ತಾನಾಗಿಯೇ ಆರಿಹೋಯಿತು.

"ಅಯ್ಯೋ, ಇದು ಶುಭಾನಾ ಅಶುಭಾನಾ?" ಎಂದು ಗೆಳತಿ ಗಾಬರಿಯಾದಳು.

"ಉಕ್ಕಿದ್ದು ಉಕ್ಕಿತಲ್ಲ, ಆರಿಸೋ ಕೆಲಸ ಅದೇ ಮಾಡ್ತು," ಎಂದು ಗಂಡ ಬಟ್ಟೆ ಹಿಡಿದು ಒರೆಸತೊಡಗಿದ.

ಉಳಿದ ಹಾಲಿಗೆ ಶಾವಿಗೆ ಹಾಕಿ ಪಾಯಸ ಮಾಡಿದೆ. ಮಗಳನ್ನು ಕರೆಯಲು ಕಿಟಕಿ ತೆರೆದರೆ ಕೆಳಗೆ ಅಂಗಳದಲ್ಲಿ ಮೇಜು ಹಾಕಿಕೊಂಡು ಅರ್ಧ ಕಟ್ಟಡ ಕೂತಿತ್ತು. ಗಡ್ಡದವನು ಮೇಲೆ ನೋಡಿ ಕೈ ಬೀಸಿ, ಅದೇನು ಅಷ್ಟು ಒಳ್ಳೆಯ ವಾಸನೆ ಎಂದು ಕೂಗಿ ಕೇಳಿದ. ಗಂಡ ಪಾತ್ರೆಯನ್ನೇ ಎತ್ತಿಕೊಂಡ. ಲೋಟಗಳು ಇನ್ನೂ ಪೆಟ್ಟಿಗೆಯಲ್ಲಿದ್ದವು, ಸಿಕ್ಕಿದ್ದು ಕಾಫಿ ಕಪ್ಪುಗಳು ಮಾತ್ರ. ಗೆಳತಿ ಎರಡು ಕೈಯಲ್ಲಿ ಹಿಡಿಸಿದಷ್ಟು ಹಿಡಿದಳು, ನಾನು ಚಮಚಗಳನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಮೂವರೂ ಒಬ್ಬರ ಹಿಂದೊಬ್ಬರು, ಪಾಯಸ ತುಳುಕದ ಹಾಗೆ, ಮೆಟ್ಟಿಲು ಇಳಿಯತೊಡಗಿದೆವು.